ಬಾಗಿಲು ಮುಚ್ಚಿ ನಡೆದ ವಿಚಾರಣೆಗಳು: ಮೆಕಾರ್ಥಿ ಉಪಸಮಿತಿಯ ಐದು ಸಂಪುಟಗಳ ವಿಮರ್ಶೆ

ಅಮೆರಿಕದ ಸೆನೆಟ್ 2003ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಐದು ಸಂಪುಟಗಳನ್ನು ನಾನು ಈಚೆಗೆ ಓದಿ ಮುಗಿಸಿದೆ. ದಿನಕ್ಕೆ ಇಪ್ಪತ್ತು ಪುಟಗಳ ಲೆಕ್ಕದಲ್ಲಿ ಓದಿದರೂ ಏಳು ತಿಂಗಳು ಹಿಡಿಯಿತು. ಸೆನೆಟರ್ ಜೋಸೆಫ್ ಮೆಕಾರ್ಥಿ ಅವರು 1953 ಮತ್ತು 1954ರಲ್ಲಿ ಅಧ್ಯಕ್ಷರಾಗಿದ್ದ ಶಾಶ್ವತ ತನಿಖಾ ಉಪಸಮಿತಿಯು ಪತ್ರಕರ್ತರನ್ನೂ ಸಾರ್ವಜನಿಕರನ್ನೂ ಹೊರಗಿಟ್ಟು ನಡೆಸಿದ ವಿಚಾರಣೆಗಳ ನಡಾವಳಿ ಇದು. ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ ಎಂಬ ಕ್ರಮದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಪುಟಗಳು ಸಾಗುತ್ತವೆ. ಕಮ್ಯುನಿಸಂ ಕುರಿತ ಭಯ ಆ ದೇಶದಲ್ಲಿ ಹೇಗಿತ್ತು ಎಂಬುದನ್ನು ಚರಿತ್ರೆಯ ಪುಸ್ತಕಗಳಿಂದ ತಿಳಿದುಕೊಂಡಿದ್ದೇನೆ ಎಂದು ನಾನು ನಂಬಿದ್ದೆ. ಆ ಭಯ ಒಂದು ಕೋಣೆಯೊಳಗೆ, ಒಬ್ಬ ಮನುಷ್ಯನ ಮೇಲೆ, ಮಾತಿನಿಂದ ಮಾತಿಗೆ ಹೇಗೆ ಕೆಲಸ ಮಾಡುತ್ತಿತ್ತು ಎಂಬುದು ಮಾತ್ರ ಈ ಸಂಪುಟಗಳನ್ನು ಓದುವವರೆಗೆ ನನಗೆ ಗೊತ್ತಿರಲಿಲ್ಲ.

ಮೊದಲು ಬಳಕೆಯ ವಿಷಯ. ಇದು ಅಮೆರಿಕ ಸರ್ಕಾರದ ಪ್ರಕಟಣೆಯಾದ್ದರಿಂದ ಹಕ್ಕುಸ್ವಾಮ್ಯದ ತೊಡಕಿಲ್ಲ. ಸರ್ಕಾರದ ಜಾಲತಾಣದಿಂದ ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು. ಮೊದಲ ನಾಲ್ಕು ಸಂಪುಟಗಳು 1953ಕ್ಕೆ, ಐದನೆಯದು 1954ಕ್ಕೆ ಸೇರಿವೆ. ತನಿಖೆಗೆ ಸಂಬಂಧಿಸಿದ, ವ್ಯಕ್ತಿಗಳ ಖಾಸಗಿ ವಿವರಗಳಿರುವ ಕಾಗದಪತ್ರಗಳನ್ನು 50 ವರ್ಷ ಮುಚ್ಚಿಡಬೇಕು ಎಂಬುದು ಸೆನೆಟ್‌ನ ನಿಯಮ. ಆ ಅವಧಿ ಮುಗಿಯುತ್ತಿದ್ದಂತೆಯೇ ರಿಪಬ್ಲಿಕನ್ ಪಕ್ಷದ ಸುಸಾನ್ ಕಾಲಿನ್ಸ್ ಮತ್ತು ಡೆಮಾಕ್ರಟಿಕ್ ಪಕ್ಷದ ಕಾರ್ಲ್ ಲೆವಿನ್ ಇಬ್ಬರೂ ಸೇರಿ ಇವನ್ನು ಹೊರತಂದರು. ಸಂಪಾದನೆಯ ಕೆಲಸ ಸೆನೆಟ್‌ನ ಇತಿಹಾಸ ಕಚೇರಿಯ ಡೊನಾಲ್ಡ್ ರಿಚಿ ಅವರದು. ಮೊದಲ ಸಂಪುಟದ ಆರಂಭದಲ್ಲಿ ಅವರು ಬರೆದಿರುವ ಪೀಠಿಕೆಯನ್ನು ಬಿಟ್ಟು ಮುಂದೆ ಹೋಗಲೇಬಾರದು. ಪ್ರತಿ ವಿಚಾರಣೆಗೂ ಮುಂಚೆ ಒಂದು ಸಣ್ಣ ಟಿಪ್ಪಣಿ ಇದೆ: ಸಾಕ್ಷಿ ಯಾರು, ಏಕೆ ಕರೆಸಿದರು, ಮುಂದೆ ಬಹಿರಂಗ ವಿಚಾರಣೆಗೆ ಅವರನ್ನು ಕರೆದರೇ ಇಲ್ಲವೇ ಎಂಬ ವಿವರ ಅದರಲ್ಲಿ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹಕ್ಕುಸ್ವಾಮ್ಯ ಇಲ್ಲದಿರುವುದರಿಂದ ಇದೇ ಪಠ್ಯವನ್ನು ಮುದ್ರಿಸಿ ಮಾರುವವರಿದ್ದಾರೆ. ಕಾಗದದ ಮೇಲೆ ಓದುವ ಆಸೆಯಿಂದ ನಾನು ಅಂಥ ಒಂದು ಪ್ರತಿಯನ್ನು ದುಡ್ಡು ಕೊಟ್ಟು ತರಿಸಿಕೊಂಡೆ. ಬಂದ ಪುಸ್ತಕದಲ್ಲಿ ಪೀಠಿಕೆಯ ಪುಟಗಳೇ ಇರಲಿಲ್ಲ, ಟಿಪ್ಪಣಿಗಳು ಎಲ್ಲೆಲ್ಲೋ ಸೇರಿಹೋಗಿದ್ದವು, ಕೆಲವು ಕಡೆ ಪ್ರಶ್ನೆ ಯಾರದು, ಉತ್ತರ ಯಾರದು ಎಂಬುದೇ ತಿಳಿಯುತ್ತಿರಲಿಲ್ಲ. ಕಾಗದವೇ ಬೇಕೆನ್ನುವವರು ಮೂಲ ಪಿಡಿಎಫ್ ಕಡತವನ್ನು ಇಳಿಸಿಕೊಂಡು ತಮಗೆ ಬೇಕಾದ ಭಾಗವನ್ನು ತಾವೇ ಮುದ್ರಿಸಿಕೊಳ್ಳುವುದು ಕ್ಷೇಮ.

ಪುಟಗಳು ಹೇಗಿವೆ ಎಂದರೆ, ಅಲಂಕಾರವೆಂಬುದು ಲವಲೇಶವೂ ಇಲ್ಲ. ಮಾತಾಡಿದವರ ಹೆಸರು, ಒಂದು ಚುಕ್ಕೆ, ಮಾತು. ಗಮನಿಸಬೇಕಾದ ಸಂಗತಿಯೆಂದರೆ ಮೆಕಾರ್ಥಿ ಅವರ ಹೆಸರು ಅವರು ಮಾತಾಡುವ ಕಡೆ ಬರುವುದಿಲ್ಲ. ಅಲ್ಲಿ 'ಅಧ್ಯಕ್ಷರು' ಎಂದಷ್ಟೇ ಇದೆ. ಅವರ ಪಕ್ಕದಲ್ಲಿ ಮುಖ್ಯ ವಕೀಲ ರಾಯ್ ಕೋನ್. ಆತನಿಗೆ ಆಗ ಇಪ್ಪತ್ತಾರು ವರ್ಷ. ಸಂಬಳವಿಲ್ಲದೆ ಸಲಹೆಗಾರನಾಗಿ ಸೇರಿದ್ದ ಡೇವಿಡ್ ಶೈನ್ ಕೂಡ ಕೆಲವೊಮ್ಮೆ ಪ್ರಶ್ನೆ ಕೇಳುತ್ತಾನೆ. ಮೊದಲ ನೂರು ಪುಟಗಳನ್ನು ಓದುವಾಗ ನನ್ನ ಕಣ್ಣು ಮೆಕಾರ್ಥಿಯನ್ನೇ ಹುಡುಕುತ್ತಿತ್ತು. ಆಮೇಲಾಮೇಲೆ 'ಅಧ್ಯಕ್ಷರು' ಎಂಬ ಆ ಪದವೇ ಹೆಚ್ಚು ಸರಿ ಎನಿಸಿತು. ಸಮನ್ಸ್ ಹೊರಡಿಸುವ ಹಕ್ಕು, ಪ್ರಮಾಣವಚನ ಬೋಧಿಸುವ ಹಕ್ಕು, ಉತ್ತರಿಸದವರನ್ನು ಸದನ ನಿಂದನೆಯ ಮೊಕದ್ದಮೆಗೆ ಶಿಫಾರಸು ಮಾಡುವ ಹಕ್ಕು, ಎಲ್ಲವೂ ಆ ಪೀಠಕ್ಕೆ ಸೇರಿದ್ದವು. ಸಾಕ್ಷಿಯ ಜೊತೆ ವಕೀಲರು ಕೂರಬಹುದಿತ್ತು. ಆದರೆ ಅವರು ತಮ್ಮ ಕಕ್ಷಿದಾರನ ಕಿವಿಯಲ್ಲಿ ಹೇಳಬಹುದಿತ್ತೇ ಹೊರತು ಸಮಿತಿಯನ್ನು ಉದ್ದೇಶಿಸಿ ವಾದಿಸುವಂತಿರಲಿಲ್ಲ. ಬಾಯಿ ತೆರೆದ ವಕೀಲರನ್ನು ಅಧ್ಯಕ್ಷರು ಗದರಿಸಿ ಸುಮ್ಮನಾಗಿಸುವುದು ಮತ್ತೆ ಮತ್ತೆ ಬರುತ್ತದೆ.

ಈ ಭಯ ಗಾಳಿಯಲ್ಲಿ ಹುಟ್ಟಿದ್ದಲ್ಲ ಎಂಬುದನ್ನು ಮರೆತು ಓದಿದರೆ ಸಂಪುಟಗಳು ಅರ್ಥವಾಗುವುದಿಲ್ಲ. 1949ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟ ಪರಮಾಣು ಬಾಂಬನ್ನು ಪರೀಕ್ಷಿಸಿತ್ತು. ಅಕ್ಟೋಬರ್‌ನಲ್ಲಿ ಚೀನಾ ಕಮ್ಯುನಿಸ್ಟರ ಕೈಗೆ ಹೋಯಿತು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾಯಿತು. ಅಮೆರಿಕದ ಬಾಂಬಿನ ಯೋಜನೆಯೊಳಗೇ ಗೂಢಚಾರರಿದ್ದದ್ದು ನಿಜ. ಅದರಲ್ಲಿ ಕೆಲಸ ಮಾಡಿದ್ದ ವಿಜ್ಞಾನಿ ಕ್ಲಾಸ್ ಫುಕ್ಸ್ ತಪ್ಪೊಪ್ಪಿಕೊಂಡಿದ್ದ. ಸೋವಿಯತ್ ಗುಪ್ತಚರರ ತಂತಿಸಂದೇಶಗಳನ್ನು ಅಮೆರಿಕದ ಸೇನೆ ಗುಟ್ಟಾಗಿ ಬಿಡಿಸಿ ಓದುತ್ತಿತ್ತು, ಅದು ಜನರಿಗೆ ತಿಳಿದದ್ದು 1995ರಲ್ಲಿ. ಇದೆಲ್ಲ ಇದ್ದ ಹೊತ್ತಿನಲ್ಲಿ, 1950ರ ಫೆಬ್ರುವರಿ 9ರಂದು, ವೆಸ್ಟ್ ವರ್ಜೀನಿಯಾದ ವೀಲಿಂಗ್ ಊರಿನಲ್ಲಿ ಮೆಕಾರ್ಥಿ ಒಂದು ಭಾಷಣ ಮಾಡಿ, ವಿದೇಶಾಂಗ ಇಲಾಖೆಯಲ್ಲಿರುವ ಕಮ್ಯುನಿಸ್ಟರ ಪಟ್ಟಿ ತಮ್ಮ ಕೈಯಲ್ಲಿದೆ ಎಂದರು. ಒಮ್ಮೆ 205 ಎಂದ ಸಂಖ್ಯೆ ಕೆಲವೇ ದಿನಗಳಲ್ಲಿ 57 ಆಯಿತು. ಜನ ಸಂಖ್ಯೆಯನ್ನು ಮರೆತರು, ಪಟ್ಟಿಯನ್ನು ನೆನಪಿಟ್ಟುಕೊಂಡರು. 1953ರ ಜನವರಿಯಲ್ಲಿ ರಿಪಬ್ಲಿಕನ್ನರು ಸೆನೆಟ್‌ನಲ್ಲಿ ಬಹುಮತ ಪಡೆದಾಗ ಅವರಿಗೆ ಈ ಉಪಸಮಿತಿಯ ಅಧ್ಯಕ್ಷತೆ ಸಿಕ್ಕಿತು. ನಮ್ಮ ಸಂಪುಟಗಳು ಆರಂಭವಾಗುವುದು ಅಲ್ಲಿಂದ.

ಈ ಪ್ರಕಟಣೆಯ ಅತಿ ದೊಡ್ಡ ಬೆಲೆ ಯಾವುದೆಂದರೆ, ಗೋಪ್ಯ ವಿಚಾರಣೆ ಯಾತಕ್ಕಾಗಿ ನಡೆಯುತ್ತಿತ್ತು ಎಂಬುದನ್ನು ಅದು ತಾನಾಗಿಯೇ ತೋರಿಸಿಬಿಡುತ್ತದೆ. ಸಾಮಾನ್ಯವಾಗಿ ಸಂಸದೀಯ ಸಮಿತಿಗಳು ಸಾಕ್ಷಿಗಳ ಮಾನ ಕಾಪಾಡಲೆಂದು, ಅಥವಾ ರಕ್ಷಣಾ ರಹಸ್ಯ ಹೊರಬೀಳದಿರಲೆಂದು ಬಾಗಿಲು ಮುಚ್ಚುತ್ತವೆ. ಇಲ್ಲಿ ಅದು ನಾಟಕದ ತಾಲೀಮಿನಂತೆ ಬಳಕೆಯಾಯಿತು. ಧೈರ್ಯವಾಗಿ, ಸ್ಪಷ್ಟವಾಗಿ ಉತ್ತರ ಕೊಟ್ಟವರನ್ನು ಬಹಿರಂಗ ವಿಚಾರಣೆಗೆ ಕರೆಯಲಿಲ್ಲ. ತಡವರಿಸಿದವರನ್ನು, ಗಾಬರಿಗೊಂಡವರನ್ನು, ಸಂವಿಧಾನದ ಆಸರೆ ಹಿಡಿದು ಉತ್ತರಿಸಲು ನಿರಾಕರಿಸಿದವರನ್ನು ಟೆಲಿವಿಷನ್ ದೀಪಗಳ ಮುಂದೆ ಕೂರಿಸಿದರು. ರಿಚಿ ಅವರು ಪೀಠಿಕೆಯಲ್ಲಿ ಈ ಮಾತನ್ನು ಹೇಳುತ್ತಾರೆ. ಟಿಪ್ಪಣಿಗಳ ಸಹಾಯದಿಂದ ಓದುಗರು ಅದನ್ನು ತಾವೇ ಪರೀಕ್ಷಿಸಿ ನೋಡಬಹುದು. ನಾನು ಪ್ರತಿ ಸಾಕ್ಷಿಯ ವಿಚಾರಣೆ ಮುಗಿದಾಗ, ಟಿಪ್ಪಣಿಯನ್ನು ಕೈಯಿಂದ ಮುಚ್ಚಿ, ಈ ವ್ಯಕ್ತಿಯನ್ನು ಮತ್ತೆ ಕರೆದಿರಬಹುದೇ ಎಂದು ಊಹಿಸತೊಡಗಿದೆ. ಮೂರನೆಯ ಸಂಪುಟದ ಹೊತ್ತಿಗೆ ಊಹೆ ತಪ್ಪುವುದು ಅಪರೂಪವಾಯಿತು. ಅದು ತಿಳಿದಾಗ ನನಗೆ ಸಂತೋಷವಾಗಲಿಲ್ಲ.

ಬಾಗಿಲು ಮುಚ್ಚಿದ್ದರೂ ಮಾತು ಹೊರಗೆ ಹೋಗುತ್ತಿತ್ತು. ವಿಚಾರಣೆ ಮುಗಿಸಿ ಹೊರಬಂದ ಅಧ್ಯಕ್ಷರು ಮೊಗಸಾಲೆಯಲ್ಲಿ ಕಾದಿದ್ದ ವರದಿಗಾರರಿಗೆ ಒಳಗೆ ಏನಾಯಿತೆಂದು ತಮ್ಮದೇ ಬಣ್ಣ ಹಚ್ಚಿ ಹೇಳುತ್ತಿದ್ದರು. ಅದನ್ನು ಸುಳ್ಳೆಂದು ತೋರಿಸಲು ಸಾಕ್ಷಿಯ ಬಳಿ ಕಾಗದವಿರಲಿಲ್ಲ, ಏಕೆಂದರೆ ನಡಾವಳಿ ಗೋಪ್ಯವಾಗಿತ್ತು. ಆ ಕಾಗದ ಹೊರಬರಲು ಐವತ್ತು ವರ್ಷ ಬೇಕಾಯಿತು.

ಎರಡನೆಯ ಸಂಪುಟದಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅವರ ವಿಚಾರಣೆ ಇದೆ. ದಿನಾಂಕ 1953ರ ಮಾರ್ಚ್ 24. ವಿದೇಶಾಂಗ ಇಲಾಖೆ ಬೇರೆ ದೇಶಗಳಲ್ಲಿ ನಡೆಸುತ್ತಿದ್ದ ಗ್ರಂಥಾಲಯಗಳಲ್ಲಿ ಕಮ್ಯುನಿಸ್ಟರ ಪುಸ್ತಕಗಳಿವೆ ಎಂಬುದು ಆಗಿನ ತನಿಖೆಯ ವಿಷಯ. ಅವರ ಹಳೆಯ ಪದ್ಯವೊಂದರ ಸಾಲುಗಳನ್ನು ಓದಿ, ಇದು ನಿಮ್ಮ ನಂಬಿಕೆಯೇ, ಹೌದೋ ಅಲ್ಲವೋ ಹೇಳಿ ಎನ್ನುತ್ತಾನೆ ಕೋನ್. ಪದ್ಯದ ಒಂದು ಸಾಲನ್ನು ಹಾಗೆ ಎತ್ತಿ ಹಿಡಿದು ಅರ್ಥ ಮಾಡಲಾಗುವುದಿಲ್ಲ, ಇಡೀ ಪದ್ಯವನ್ನೂ ಅದು ಹುಟ್ಟಿದ ಬದುಕನ್ನೂ ಹೇಳಲು ಬಿಡಿ ಎಂದು ಹ್ಯೂಸ್ ಕೇಳಿಕೊಳ್ಳುತ್ತಾರೆ. ಕ್ಯಾನ್ಸಸ್‌ನಲ್ಲಿ ಕಳೆದ ಬಾಲ್ಯದಿಂದ ಆರಂಭಿಸಿ, ಕಪ್ಪು ಹುಡುಗನಾಗಿ ತಾವು ಕಂಡ ಬಣ್ಣಭೇದವನ್ನು ಬಿಡಿಸಿ ಹೇಳತೊಡಗುತ್ತಾರೆ. ಪ್ರಶ್ನಿಸುವವರಿಗೆ ಬೇಕಾದದ್ದು ಒಂದು ಪದದ ಉತ್ತರ. ಕವಿಗೆ ಬೇಕಾದದ್ದು ಒಂದು ಪೂರ್ತಿ ವಾಕ್ಯ. ಈ ಎಳೆದಾಟ ಪುಟಗಟ್ಟಲೆ ನಡೆಯುತ್ತದೆ. ಒಂದು ಕವಿತೆಯನ್ನು ಹೇಗೆ ಓದಬೇಕು ಎಂಬ ವಾದ ಸರ್ಕಾರಿ ಶೀಘ್ರಲಿಪಿಕಾರನ ಕೈಯಲ್ಲಿ ದಾಖಲಾಗಿರುವ ಬೇರೊಂದು ಉದಾಹರಣೆಯನ್ನು ನಾನು ಕಂಡಿಲ್ಲ. ಎರಡು ದಿನಗಳ ಅನಂತರ ಬಹಿರಂಗ ವಿಚಾರಣೆಯಲ್ಲಿ ಇದೇ ಹ್ಯೂಸ್ ಬಹಳ ತಗ್ಗಿದ ದನಿಯಲ್ಲಿ ಉತ್ತರಿಸಿದರು. ತಮ್ಮ ಮೊದಮೊದಲ ಕೆಲವು ಬರಹಗಳು ಆ ಗ್ರಂಥಾಲಯಗಳ ಕಪಾಟಿನಲ್ಲಿ ಇರಬೇಕಾಗಿಲ್ಲ ಎಂದು ಒಪ್ಪಿಕೊಂಡರು. ಗೋಪ್ಯ ಪುಟಗಳನ್ನು ಓದಿದವರಿಗೆ ಆ ತಗ್ಗಿದ ದನಿಯ ಹಿಂದೆ ಏನಿತ್ತು ಎಂಬುದು ತಿಳಿಯುತ್ತದೆ.

ಈ ಸಂಪುಟಗಳಲ್ಲಿ ಅತಿ ಮುಖ್ಯವಾದದ್ದು ಯಾವುದೆಂದು ನನ್ನನ್ನು ಕೇಳಿದರೆ, ಪ್ರಸಿದ್ಧರ ಹೆಸರುಗಳನ್ನು ಬಿಟ್ಟು, ಯಾರಿಗೂ ಗೊತ್ತಿಲ್ಲದ ನೌಕರರು ಐದನೆಯ ತಿದ್ದುಪಡಿಯ ಮುಂದೆ ತಬ್ಬಿಬ್ಬಾಗುವ ಪುಟಗಳನ್ನು ತೋರಿಸುತ್ತೇನೆ. ಅದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಮೊದಲ ಓದಿನಲ್ಲಿ ನನಗೂ ಅದು ತಿಳಿಯಲಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಎನ್ನುತ್ತದೆ ಅಮೆರಿಕ ಸಂವಿಧಾನದ ಐದನೆಯ ತಿದ್ದುಪಡಿ. ಒಬ್ಬ ಸಾಕ್ಷಿ ಹದಿನೈದು ವರ್ಷದ ಹಿಂದೆ, ಆರ್ಥಿಕ ಕುಸಿತದ ಕಾಲದಲ್ಲಿ, ಒಂದೆರಡು ವರ್ಷ ಕಮ್ಯುನಿಸ್ಟ್ ಪಕ್ಷದ ಸದಸ್ಯನಾಗಿದ್ದ ಎಂದುಕೊಳ್ಳೋಣ. ತನ್ನ ಬಗ್ಗೆ ಎಲ್ಲವನ್ನೂ ಹೇಳಲು ಅವನು ಸಿದ್ಧ. ಆದರೆ ಅಂದು ತನ್ನ ಜೊತೆ ಸಭೆಗಳಲ್ಲಿ ಕೂತಿದ್ದ ಗೆಳೆಯರ ಹೆಸರು ಹೇಳಲು ಅವನಿಗೆ ಮನಸ್ಸಿಲ್ಲ, ಏಕೆಂದರೆ ಹೆಸರು ಹೇಳಿದ ಮರುದಿನ ಅವರ ಮನೆಗೂ ಸಮನ್ಸ್ ಹೋಗುತ್ತದೆ. ಅವನು ಏನು ಮಾಡಬೇಕು?

ಡೆನ್ವರ್ ನಗರದ ಪಕ್ಷದ ಖಜಾಂಚಿಯಾಗಿದ್ದ ಜೇನ್ ರೋಜರ್ಸ್ ಎಂಬುವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1951ರಲ್ಲಿ ಇದಕ್ಕೆ ಉತ್ತರ ಕೊಟ್ಟಿತ್ತು. ತಮ್ಮ ಹುದ್ದೆಯನ್ನು ಒಪ್ಪಿಕೊಂಡ ಆಕೆ ಪಕ್ಷದ ಕಡತಗಳನ್ನು ಯಾರಿಗೆ ಒಪ್ಪಿಸಿದೆ ಎಂಬುದನ್ನು ಹೇಳಲು ನಿರಾಕರಿಸಿದ್ದರು. ಒಮ್ಮೆ ತನ್ನ ಬಗ್ಗೆ ಬಾಯಿಬಿಟ್ಟ ಮೇಲೆ ಆ ವಿಷಯದ ಉಳಿದ ವಿವರಗಳಿಗೆ ಐದನೆಯ ತಿದ್ದುಪಡಿಯ ರಕ್ಷಣೆ ಸಿಗದು ಎಂದು ನ್ಯಾಯಾಲಯ ಹೇಳಿತು. ಅಲ್ಲಿಗೆ ಸಾಕ್ಷಿ ಅಡಕತ್ತರಿಯ ನಡುವಿನ ಅಡಕೆಯಾದ. ತನ್ನ ಬಗ್ಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಗೆಳೆಯರ ಹೆಸರನ್ನೂ ಹೇಳಬೇಕು, ಇಲ್ಲವೇ ನಿಂದನೆಗೆ ಜೈಲು. ಗೆಳೆಯರನ್ನು ಉಳಿಸಬೇಕಾದರೆ ಮೊದಲ ಪ್ರಶ್ನೆಯಿಂದಲೇ ಬಾಯಿ ಮುಚ್ಚಿಕೊಳ್ಳಬೇಕು. ವಾಕ್‌ಸ್ವಾತಂತ್ರ್ಯವನ್ನು ಕೊಡುವ ಮೊದಲ ತಿದ್ದುಪಡಿಯನ್ನು ಆಶ್ರಯಿಸಿದರೆ ಆಗದೇ ಎಂದರೆ, 1947ರಲ್ಲಿ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸಮಿತಿಯ ಮುಂದೆ ಹಾಗೆ ಮಾಡಿದ ಹಾಲಿವುಡ್‌ನ ಹತ್ತು ಮಂದಿ ಜೈಲಿಗೆ ಹೋಗಿ ಬಂದಿದ್ದರು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೊಮ್ಮೆ ಆ ಪುಟಗಳನ್ನು ತೆರೆಯಬೇಕು. 'ನೀವು ಈಗ ಕಮ್ಯುನಿಸ್ಟ್ ಪಕ್ಷದ ಸದಸ್ಯರೇ?' ಎಂಬ ಪ್ರಶ್ನೆಗೆ ಒಬ್ಬರು ಉತ್ತರಿಸಲು ನಿರಾಕರಿಸುತ್ತಾರೆ. ನಿನ್ನೆ ಆಗಿದ್ದಿರಾ, ಕಳೆದ ವರ್ಷ ಆಗಿದ್ದಿರಾ ಎಂದು ಪ್ರಶ್ನೆ ಹಿಂದು ಹಿಂದಕ್ಕೆ ಸರಿಯುತ್ತದೆ. ಗೂಢಚಾರಿಕೆ ಮಾಡಿದ್ದೀರಾ ಎಂಬುದಕ್ಕೆ ಅವರು ನಿಸ್ಸಂದೇಹವಾಗಿ 'ಇಲ್ಲ' ಎನ್ನಬಲ್ಲರು, ಹೇಳಲು ಬಾಯಿ ತೆರೆಯುತ್ತಾರೆ, ವಕೀಲರೊಂದಿಗೆ ಪಿಸುಮಾತು, ಮತ್ತೆ ನಿರಾಕರಣೆ. ಒಂದು 'ಇಲ್ಲ' ಎಂದರೂ ಬಾಗಿಲು ತೆರೆದುಕೊಂಡೀತು ಎಂಬ ಹೆದರಿಕೆ. ಪ್ರಶ್ನಿಸುವವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಅವರು ಪ್ರಶ್ನೆಗಳನ್ನು ಭೀಕರಗೊಳಿಸುತ್ತಾ ಹೋಗುತ್ತಾರೆ. ಪ್ರತಿ ಮೌನವನ್ನೂ ಒಪ್ಪಿಗೆಯೆಂದು ಎಣಿಸುತ್ತಾರೆ. 'ಐದನೆಯ ತಿದ್ದುಪಡಿಯ ಕಮ್ಯುನಿಸ್ಟ್' ಎಂಬ ಬಿರುದನ್ನು ಮೆಕಾರ್ಥಿ ಬಳಕೆಗೆ ತಂದದ್ದು ಇಂಥವರಿಗಾಗಿ. ಕೋಣೆಯಿಂದ ಹೊರಗೆ ಕಾಲಿಟ್ಟರೆ ಕೆಲಸವೂ ಇಲ್ಲ. ಜನರಲ್ ಎಲೆಕ್ಟ್ರಿಕ್ ಸಂಸ್ಥೆ 1953ರ ಕೊನೆಯಲ್ಲಿ ಇಂಥ ನೌಕರರನ್ನು ಕೆಲಸದಿಂದ ಹೊರಗಿಡುವ ನೀತಿಯನ್ನು ಪ್ರಕಟಿಸಿತು. ನ್ಯೂಯಾರ್ಕ್ ನಗರದ ಸನ್ನದಿನಲ್ಲಿ ಹೀಗೆ ನಿರಾಕರಿಸಿದ ನಗರ ನೌಕರನ ಕೆಲಸ ತಾನಾಗಿಯೇ ಹೋಗುವಂಥ ವಿಧಿಯಿತ್ತು. ಬ್ರೂಕ್ಲಿನ್ ಕಾಲೇಜಿನ ಪ್ರಾಧ್ಯಾಪಕ ಹ್ಯಾರಿ ಸ್ಲೋಕೋವರ್ ಬೇರೊಂದು ಸೆನೆಟ್ ಉಪಸಮಿತಿಯ ಮುಂದೆ ಉತ್ತರಿಸದ ತಪ್ಪಿಗೆ ಹಾಗೆಯೇ ಕೆಲಸ ಕಳೆದುಕೊಂಡರು, 1956ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು.

ಈ ಭಾಗವನ್ನು ಕಣ್ಣಿನಲ್ಲಿ ಓದುವುದಕ್ಕಿಂತ ಗಟ್ಟಿಯಾಗಿ ಓದುವುದು ಮೇಲು. ಒಂದು ಸಂಜೆ ನಾನೂ ನನ್ನ ಗೆಳತಿಯೂ ಒಬ್ಬ ಎಂಜಿನಿಯರನ ವಿಚಾರಣೆಯನ್ನು ಹಂಚಿಕೊಂಡು ಓದಿದೆವು. ಅವಳು ಕೋನ್, ನಾನು ಸಾಕ್ಷಿ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ನನ್ನ ದನಿ ಇಳಿದಿತ್ತು, ಅವಳ ದನಿ ಏರಿತ್ತು. ಹಾಗೆ ಮಾಡಬೇಕೆಂದು ನಾವಿಬ್ಬರೂ ಅಂದುಕೊಂಡಿರಲಿಲ್ಲ. ಪ್ರಶ್ನೆಗಳ ವೇಗ ಅವಳನ್ನು ಎಳೆದುಕೊಂಡು ಹೋಯಿತು, 'ಉತ್ತರಿಸಲು ನಿರಾಕರಿಸುತ್ತೇನೆ' ಎಂಬ ಒಂದೇ ವಾಕ್ಯವನ್ನು ಹದಿನಾರನೆಯ ಸಲ ಹೇಳುವಾಗ ನನಗೆ ನಾನೇ ತಪ್ಪಿತಸ್ಥನಂತೆ ಕೇಳಿಸಿದೆ. ಅವಳು ಪುಸ್ತಕ ಕೆಳಗಿಟ್ಟು, ಇನ್ನು ಸಾಕು ಎಂದಳು.

ಆ ಎಂಜಿನಿಯರ್ ಕೆಲಸ ಮಾಡುತ್ತಿದ್ದದ್ದು ನ್ಯೂಜೆರ್ಸಿಯ ಫೋರ್ಟ್ ಮನ್‌ಮತ್‌ನಲ್ಲಿ, ಸೇನೆಯ ಸಂಪರ್ಕ ದಳದ ಪ್ರಯೋಗಾಲಯದಲ್ಲಿ. 1953ರ ಅಕ್ಟೋಬರ್‌ನಿಂದ ನಡೆದ ಈ ತನಿಖೆ ಹೊರನೋಟಕ್ಕೆ ಅರ್ಥವಿಲ್ಲದ್ದೇನೂ ಆಗಿರಲಿಲ್ಲ. ಅದೇ ವರ್ಷದ ಜೂನ್ 19ರಂದು ಮರಣದಂಡನೆಗೆ ಗುರಿಯಾದ ಜೂಲಿಯಸ್ ರೋಸೆನ್‌ಬರ್ಗ್ ಯುದ್ಧಕಾಲದಲ್ಲಿ ಸಂಪರ್ಕ ದಳದ ನೌಕರನಾಗಿದ್ದ. ಅವನ ಗೂಢಚಾರ ಬಳಗ ಅಲ್ಲಿ ಇನ್ನೂ ಉಳಿದಿದೆ ಎಂಬುದು ಶಂಕೆ. ಆದರೆ ಪ್ರಶ್ನೆಗಳನ್ನು ನೋಡಬೇಕು. ಯಾರ ಜೊತೆ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಿರಿ? ಕಾಲೇಜಿನಲ್ಲಿ ಯಾರ ಸಹಪಾಠಿ? ನಿಮ್ಮ ಅಣ್ಣ ಯಾವ ಸಂಘದಲ್ಲಿದ್ದ? ಹೆಂಡತಿ ಯಾವ ಪತ್ರಿಕೆ ತರಿಸುತ್ತಾಳೆ? ಕರೆಸಿಕೊಂಡವರಲ್ಲಿ ಬಹಳ ಮಂದಿ ಯಹೂದಿಗಳು, ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಓದಿದವರು. ರೋಸೆನ್‌ಬರ್ಗ್ ಕೂಡ ಅಲ್ಲಿಯೇ ಓದಿದ್ದ ಎಂಬುದೊಂದೇ ಅನೇಕರ ನಂಟು. ಅನೇಕ ದಿನ ನ್ಯೂಯಾರ್ಕಿನ ಫೋಲಿ ಚೌಕದ ನ್ಯಾಯಾಲಯ ಕಟ್ಟಡದಲ್ಲಿ ಅಧ್ಯಕ್ಷರೊಬ್ಬರೇ ಕುಳಿತು ಇದನ್ನು ನಡೆಸಿದರು. ಸಿಬ್ಬಂದಿ ನೇಮಕದ ಅಧಿಕಾರವನ್ನೆಲ್ಲ ಅಧ್ಯಕ್ಷರೇ ಇಟ್ಟುಕೊಂಡದ್ದನ್ನು ಪ್ರತಿಭಟಿಸಿ ಡೆಮಾಕ್ರಟಿಕ್ ಪಕ್ಷದ ಮೂವರು ಸದಸ್ಯರು ಜುಲೈನಲ್ಲೇ ಉಪಸಮಿತಿಯನ್ನು ಬಿಟ್ಟು ಹೋಗಿದ್ದರು, ಮರಳಿ ಬಂದದ್ದು 1954ರ ಜನವರಿಯಲ್ಲಿ. ಎದುರು ಮಾತು ಆಡುವವರಿಲ್ಲದ ಆ ಆರು ತಿಂಗಳ ಪುಟಗಳಲ್ಲಿ ಸಾಕ್ಷಿಯ ಪರವಾಗಿ ಒಂದು ಪ್ರಶ್ನೆ ಸಿಗುವುದೂ ಕಷ್ಟ.

ಫೋರ್ಟ್ ಮನ್‌ಮತ್‌ನ ನಲವತ್ತಕ್ಕೂ ಹೆಚ್ಚು ನೌಕರರನ್ನು ಸೇನೆ ಅಮಾನತು ಮಾಡಿತು. ಅವರಲ್ಲಿ ಬಹುತೇಕ ಎಲ್ಲರೂ ನಿರ್ದೋಷಿಗಳೆಂದು ಕೆಲಸಕ್ಕೆ ಮರಳಿದರು, ಕೆಲವರಿಗೆ ಅದಕ್ಕಾಗಿ ವರ್ಷಗಳೇ ಹಿಡಿದವು. ಮೆಕಾರ್ಥಿ ಅಧ್ಯಕ್ಷರಾಗಿದ್ದ ಅವಧಿಯಲ್ಲಿ ಈ ಉಪಸಮಿತಿಯ ಮುಂದೆ ಬಂದ ಒಬ್ಬ ಸಾಕ್ಷಿಯೂ ಗೂಢಚಾರಿಕೆಗಾಗಲಿ, ಸುಳ್ಳುಸಾಕ್ಷಿಗಾಗಲಿ, ನಿಂದನೆಗಾಗಲಿ ಕೊನೆಗೆ ಜೈಲು ಸೇರಲಿಲ್ಲ. ಪೀಠಿಕೆಯಲ್ಲಿರುವ ಈ ಮಾತನ್ನು ನಾನು ಪುಸ್ತಕ ಓದುವ ಮುಂಚೆ ಸಮಾಧಾನದ ಸಂಗತಿಯೆಂದು ತಿಳಿದಿದ್ದೆ. ಓದಿದ ಮೇಲೆ ಬೇರೆ ಅನಿಸಿತು. ನ್ಯಾಯಾಲಯದಲ್ಲಿ ಸಾಬೀತಾಗಬೇಕಾದ ಯಾವ ಹೊಣೆಯೂ ಇಲ್ಲದೆ ಒಬ್ಬನ ಸಂಬಳ, ಮನೆ, ನೆರೆಹೊರೆಯ ಸ್ನೇಹ ಎಲ್ಲವನ್ನೂ ಕಿತ್ತುಕೊಳ್ಳಲು ಸಾಧ್ಯವಿದ್ದಾಗ ಜೈಲು ಏಕೆ ಬೇಕಿತ್ತು?

ಕೊರತೆಗಳ ಬಗ್ಗೆಯೂ ಹೇಳುತ್ತೇನೆ. ಇವು ಗೋಪ್ಯ ವಿಚಾರಣೆಗಳು ಮಾತ್ರ. ಬಹಿರಂಗ ವಿಚಾರಣೆಗಳ ನಡಾವಳಿ ಬೇರೆ ಪ್ರಕಟಣೆಗಳಲ್ಲಿದೆ, ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳದಿದ್ದರೆ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಗಾಯಕ ಪಾಲ್ ರೋಬ್‌ಸನ್ ಅವರ ಪತ್ನಿ ಎಸ್ಲಾಂಡಾ ರೋಬ್‌ಸನ್ 1953ರ ಜುಲೈ 7ರಂದು ಬಹಿರಂಗವಾಗಿ ಐದನೆಯ ತಿದ್ದುಪಡಿಯ ಜೊತೆಗೆ ಹದಿನೈದನೆಯದನ್ನೂ, ಅಂದರೆ ಕಪ್ಪು ಜನರ ಮತದಾನದ ಹಕ್ಕನ್ನು ಹೇಳುವ ತಿದ್ದುಪಡಿಯನ್ನೂ ಎತ್ತಿ ಹಿಡಿದು ಮೆಕಾರ್ಥಿಯನ್ನು ಎದುರಿಸಿದ ರೀತಿಯನ್ನು ಓದಬೇಕೆನ್ನುವವರು ಅಲ್ಲಿಗೆ ಹೋಗಬೇಕು. ಜನರಲ್ ರಾಲ್ಫ್ ಜ್ವಿಕರ್ ಅವರನ್ನು 1954ರ ಫೆಬ್ರುವರಿ 18ರಂದು, ನೀವು ಆ ಸಮವಸ್ತ್ರಕ್ಕೆ ಅರ್ಹರಲ್ಲ ಎಂದು ಮೆಕಾರ್ಥಿ ಹೀಯಾಳಿಸಿದ ವಿಚಾರಣೆ ಗೋಪ್ಯವಾಗಿಯೇ ನಡೆದದ್ದು. ಆದರೆ ಅದರ ನಡಾವಳಿ ಕೆಲವೇ ದಿನಗಳಲ್ಲಿ ಬಹಿರಂಗವಾಗಿತ್ತು, ಮಹಾಯುದ್ಧದಲ್ಲಿ ಹೋರಾಡಿದ ಸೇನಾಧಿಕಾರಿಯನ್ನು ಹಾಗೆ ಅವಮಾನಿಸಿದ್ದನ್ನು ಕಂಡ ದೇಶ ಮೊದಲ ಬಾರಿಗೆ ಸಿಟ್ಟಾಗಿತ್ತು. ಏಪ್ರಿಲ್ 22ರಿಂದ ಜೂನ್ 17ರವರೆಗೆ ಟೆಲಿವಿಷನ್‌ನಲ್ಲಿ ನಡೆದ ಸೇನೆ ಮತ್ತು ಮೆಕಾರ್ಥಿ ವಿಚಾರಣೆಗಳು, ಡಿಸೆಂಬರ್ 2ರಂದು 67-22 ಮತಗಳಿಂದ ಸೆನೆಟ್ ಅವರನ್ನು ಖಂಡಿಸಿದ್ದು, ಇವೆಲ್ಲ ಈ ಸಂಪುಟಗಳ ಹೊರಗಿನ ಕಥೆ.

ಇನ್ನೂ ದೊಡ್ಡ ಮಿತಿ ಒಂದಿದೆ. ಮೆಕಾರ್ಥಿಯ ಹೆಸರೇ ಆ ಕಾಲಕ್ಕೆಲ್ಲ ಅಂಟಿಕೊಂಡಿರುವುದರಿಂದ, ಈ ಐದು ಸಂಪುಟಗಳೇ ಎಲ್ಲವೂ ಎಂದು ತಿಳಿಯುವ ಅಪಾಯವಿದೆ. ಹಾಲಿವುಡ್ಡನ್ನು ವಿಚಾರಿಸಿದ್ದು ಪ್ರತಿನಿಧಿ ಸಭೆಯ ಸಮಿತಿ. ಸೆನೆಟರ್ ಆದ ಮೆಕಾರ್ಥಿಗೆ ಅಲ್ಲಿ ಜಾಗವೇ ಇರಲಿಲ್ಲ. ಸರ್ಕಾರಿ ನೌಕರರ ನಿಷ್ಠೆಯನ್ನು ಪರೀಕ್ಷಿಸುವ ಮಂಡಳಿಗಳನ್ನು ಅಧ್ಯಕ್ಷ ಟ್ರೂಮನ್ ಸ್ಥಾಪಿಸಿದ್ದು 1947ರ ಮಾರ್ಚ್‌ನಲ್ಲಿ, ಅಂದರೆ ವೀಲಿಂಗ್ ಭಾಷಣಕ್ಕೆ ಸುಮಾರು ಮೂರು ವರ್ಷ ಮೊದಲು. ಡೊರೊತಿ ಬೈಲಿ ಎಂಬ ನೌಕರಳ ಮೇಲೆ ದೂರು ಹೇಳಿದವರು ಯಾರೆಂದು ಆಕೆಗೂ ತಿಳಿಸಲಿಲ್ಲ, ವಕೀಲರಿಗೂ ತಿಳಿಸಲಿಲ್ಲ; 1951ರಲ್ಲಿ ಸುಪ್ರೀಂ ಕೋರ್ಟ್ 4-4 ಎಂದು ಸಮವಾಗಿ ಒಡೆದದ್ದರಿಂದ ಆಕೆಯ ವಜಾ ಹಾಗೆಯೇ ಉಳಿಯಿತು. 1953ರ ಏಪ್ರಿಲ್‌ನಲ್ಲಿ ಟ್ರೂಮನ್ ನಂತರ ಅಧ್ಯಕ್ಷರಾದ ಐಸೆನ್‌ಹೋವರ್ ಹೊರಡಿಸಿದ ಆದೇಶ ಸಲಿಂಗಿಗಳನ್ನು ಸರ್ಕಾರಿ ಕೆಲಸದಿಂದ ತೆಗೆದುಹಾಕಲು ದಾರಿ ಮಾಡಿತು. ಇಂಥ ಕೋಣೆಗಳಲ್ಲಿ ಕೂತವರ ಸಂಖ್ಯೆ ಮೆಕಾರ್ಥಿಯ ಎದುರು ಕೂತವರಿಗಿಂತ ಎಷ್ಟೋ ಪಟ್ಟು ದೊಡ್ಡದು, ಅವರ ಪ್ರಶ್ನೋತ್ತರಗಳು ಹೀಗೆ ಒಂದೇ ಕಡೆ ಮುದ್ರಣವಾಗಿ ನಮ್ಮ ಕೈಗೆ ಬಂದಿಲ್ಲ. ಸಂಪಾದಕರ ಟಿಪ್ಪಣಿಗಳು ಇನ್ನೂ ಒಂದಿಷ್ಟು ಉದ್ದವಾಗಿ, ಸಾಮಾನ್ಯ ನೌಕರರ ಮುಂದಿನ ಬದುಕನ್ನೂ ಹೇಳಿದ್ದರೆ ಎಂಬ ಆಸೆ ನನಗೆ ಕೊನೆಯವರೆಗೂ ಇತ್ತು.

ಓದಲು ಕೂರುವವರಿಗೆ ನನ್ನ ಸಲಹೆ ಇಷ್ಟು. ಮೊಬೈಲ್‌ನಲ್ಲಿ ಪಿಡಿಎಫ್ ತೆರೆಯಬೇಡಿ, ಕಾಗದಕ್ಕೆಂದು ಜೋಡಿಸಿದ ಪುಟ ಸಣ್ಣ ಪರದೆಯಲ್ಲಿ ಕಣ್ಣಿಗೆ ಹಿಂಸೆ. ಸರಳ ಪಠ್ಯರೂಪವೂ ಸಿಗುತ್ತದೆ, ಅದು ಹಗುರ. ಇಂಗ್ಲಿಷ್ ಕಷ್ಟವೇನಲ್ಲ, ಆಡುಮಾತಿನದೇ. ಮೊದಲ ಪುಟದಿಂದ ಶುರುಮಾಡದೆ, ಪೀಠಿಕೆ ಮುಗಿಸಿ, ಎರಡನೆಯ ಸಂಪುಟದಲ್ಲಿರುವ ಸಂಗೀತ ಸಂಯೋಜಕ ಏರನ್ ಕಾಪ್ಲಂಡ್ ಅವರ ವಿಚಾರಣೆಗೆ ಹೋಗಿ. ಅಲ್ಲಿ ಈ ಇಡೀ ವ್ಯವಸ್ಥೆ ಚಿಕ್ಕದಾಗಿ, ಪೂರ್ತಿಯಾಗಿ ಕಾಣುತ್ತದೆ. 1953ರ ಜನವರಿಯಲ್ಲಿ, ಲಿಂಕನ್ ಕುರಿತ ಅವರ ಕೃತಿಯನ್ನು ಐಸೆನ್‌ಹೋವರ್ ಅವರ ಪದಗ್ರಹಣದ ಸಂಗೀತ ಕಛೇರಿಯಿಂದ ಕೈಬಿಡಲಾಗಿತ್ತು. ಮೇ 26ರಂದು ಅವರು ಉಪಸಮಿತಿಯ ಮುಂದೆ ಬರುತ್ತಾರೆ. ಹಿಂದೆಂದೋ ತಮ್ಮ ಹೆಸರು ಕಾಣಿಸಿಕೊಂಡ ಸಂಘಗಳು, ಮನವಿಪತ್ರಗಳು, 1949ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಶಾಂತಿ ಸಮ್ಮೇಳನ, ಒಂದೊಂದಾಗಿ ಮುಂದೆ ಬರುತ್ತವೆ. ಅವರು ಐದನೆಯ ತಿದ್ದುಪಡಿಯ ಮೊರೆಹೋಗುವುದಿಲ್ಲ. ತಾವು ಎಂದೂ ಪಕ್ಷದ ಸದಸ್ಯರಾಗಿರಲಿಲ್ಲ ಎನ್ನುತ್ತಾರೆ. ದಿನವೆಲ್ಲ ಸಂಗೀತ ಬರೆಯುವ ನಾನು ರಾಜಕೀಯ ಚಿಂತಕನಲ್ಲ ಎಂದು ಶಾಂತವಾಗಿ ಹೇಳುತ್ತಾರೆ. ಅಧ್ಯಕ್ಷರು ಒತ್ತಿ ಒತ್ತಿ ಕೇಳಿದರೂ ದನಿ ಏರುವುದಿಲ್ಲ, ತಗ್ಗುವುದೂ ಇಲ್ಲ. ಬಹಿರಂಗ ವಿಚಾರಣೆಗೆ ಮತ್ತೆ ಬರಬೇಕಾಗಬಹುದು ಎಂದು ತಿಳಿದು ಅವರು ಮನೆಗೆ ಹೋದರು. ಆ ಕರೆ ಬರಲೇ ಇಲ್ಲ.